ಸೋಲಾರ್ ಆಮೇಲೆ, ಮೊದಲು ತಾರಸಿ ನೋಡಿ

ಪ್ರಶ್ನೆ: ಕಲಬುರಗಿಯಲ್ಲಿ 30x40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ರಸ್ತೆ ಪಶ್ಚಿಮಕ್ಕಿದೆ. ಆರ್ಕಿಟೆಕ್ಟ್ ಮೊದಲು ಕಂಪ್ಯೂಟರಿನಲ್ಲಿ ಎನರ್ಜಿ ಸಿಮ್ಯುಲೇಶನ್ ಮಾಡಿಸೋಣ ಅನ್ನುತ್ತಾರೆ. ಅದಕ್ಕೆ ಬೇರೆ ಫೀಸು. ನಮ್ಮ ಯಜಮಾನರು, "ಅದೆಲ್ಲ ಯಾಕೆ? 3 ಕಿಲೋವ್ಯಾಟ್ ಸೋಲಾರ್ ಹಾಕಿಸಿ ಎರಡು ಎಸಿ ಇಟ್ಟುಕೊಂಡರಾಯ್ತು" ಅನ್ನುತ್ತಾರೆ. ಯಾರ ಮಾತು ಕೇಳಲಿ?
- ಒಬ್ಬ ಓದುಗರು, ಕಲಬುರಗಿ

ಉತ್ತರ: ಯಜಮಾನರ ಲೆಕ್ಕದಿಂದಲೇ ಶುರು ಮಾಡೋಣ. 3 ಕಿಲೋವ್ಯಾಟ್ ಪ್ಯಾನೆಲ್ ಒಳ್ಳೆ ಬಿಸಿಲಿದ್ದ ದಿನ ಸುಮಾರು 12 ಯೂನಿಟ್ ಕೊಡುತ್ತದೆ. ಕಾದ ತಾರಸಿಯ ಕೆಳಗೆ ಒಂದೂವರೆ ಟನ್ ಎಸಿ ಮೇ ತಿಂಗಳ ಒಂದೇ ರಾತ್ರಿ 8-10 ಯೂನಿಟ್ ತಿನ್ನಬಹುದು. ಎರಡಿಟ್ಟರೆ ಸೋಲಾರ್ ಎಲ್ಲಿ ಸಾಲುತ್ತದೆ? ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ, ಖಂಡಿತ ತಗೊಳ್ಳಿ. ಆದರೆ ಮೊದಲು ಸೆಕೆ ಒಳಗೆ ಬರುವುದನ್ನು ತಡೆಯಿರಿ.

ಸಿಮ್ಯುಲೇಶನ್ ಬೇಕಾಗುವುದು ಅಲ್ಲಿಯೇ. ಅಂದರೆ ಕಟ್ಟುವ ಮೊದಲೇ ಕಂಪ್ಯೂಟರಿನಲ್ಲಿ ಮನೆಯ ಮಾಡೆಲ್ ಮಾಡಿ ಸೆಕೆಯ ಲೆಕ್ಕ ಹಾಕುವುದು. ಎನರ್ಜಿಪ್ಲಸ್ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಫೀಸು ಅದನ್ನು ಬಲ್ಲವರ ಸಮಯಕ್ಕೆ. ಊರಿನ ಹವಾಮಾನದ ಫೈಲು ಹಾಕಿದರೆ ವರ್ಷದ 8,760 ಗಂಟೆಗೂ ಯಾವ ಕೋಣೆ ಎಷ್ಟು ಕಾಯುತ್ತದೆ ಎಂದು ತೋರಿಸುತ್ತದೆ. ಕರೆಂಟ್ ಬಿಲ್ ಇಷ್ಟೇ ಬರುತ್ತದೆ ಅಂತ ಹೇಳಿದರೆ ಸುಮ್ನೆ ನಂಬಬೇಡಿ. ಎರಡು ಪ್ಲ್ಯಾನ್‌ಗಳಲ್ಲಿ ಯಾವುದು ತಂಪು ಅನ್ನುವುದಕ್ಕೆ ಮಾತ್ರ ಅದು ಒಳ್ಳೆ ತಕ್ಕಡಿ.

ಆರ್ಕಿಟೆಕ್ಟರನ್ನು ಮೂರೇ ಪ್ರಶ್ನೆ ಕೇಳಿ. ತಾರಸಿ ಮೇಲೆ ಇನ್ಸುಲೇಶನ್ ಹಾಕಿ ಬಿಳಿ ಟೈಲ್ಸ್ ಚೂರು ಕೂರಿಸಿದರೆ ಎಷ್ಟು ಫರಕು? ಮೆಟ್ಟಿಲು, ಬಾತ್‌ರೂಮನ್ನು ಪಶ್ಚಿಮಕ್ಕೆ ತಂದು ಬೆಡ್‌ರೂಮನ್ನು ಪೂರ್ವಕ್ಕೆ ಒಯ್ದರೆ? ಪಶ್ಚಿಮದ ಕಿಟಕಿ ಅರ್ಧ ಮಾಡಿದರೆ? ಸಂಜೆ ಬಿಸಿಲು ಓರೆಯಾಗಿ ಬರುತ್ತದಲ್ವಾ, ಅದಕ್ಕೆ ಬರೀ ಸಜ್ಜಾ ಸಾಲದು.

ಮನೆಗಳಲ್ಲಿ ಕರೆಂಟ್ ಉಳಿಸಲು ಕೇಂದ್ರ ಸರಕಾರ ತಂದ 'ಇಕೋ ನಿವಾಸ್ ಸಂಹಿತೆ 2018' ಪ್ರಕಾರ ಗೋಡೆ, ಕಿಟಕಿಗಳಿಂದ ಬರುವ ಶಾಖ ಚದರ ಮೀಟರಿಗೆ 15 ವ್ಯಾಟ್ ಮೀರಬಾರದು. ಈ ಲೆಕ್ಕದಲ್ಲಿ ತಾರಸಿ ಸೇರಿಲ್ಲ, ಅದಕ್ಕೆ ಬೇರೆ ಮಿತಿ ಇದೆ. "15ರೊಳಗೆ ಬಂತು" ಅಂತ ಯಾರಾದರೂ ಬೀಗಿದರೆ, ತಾರಸಿದು ಎಷ್ಟು ಅಂತ ಕೇಳಿ. ಬೇಸಿಗೆಯಲ್ಲಿ ನಿಮ್ಮೂರ ಸೂರ್ಯ ನಡುನೆತ್ತಿಯ ಮೇಲೇ ಇರುತ್ತಾನೆ, ಜಾಸ್ತಿ ಕಾಯುವುದೇ ತಾರಸಿ.

ಇನ್ನೊಂದು ಮಾತು. ವಾಸ್ತು ಅಂತ ನೀರಿನ ಟ್ಯಾಂಕನ್ನು ನೈಋತ್ಯಕ್ಕೇ ಇಡಿಸುತ್ತಾರೆ. ಚಳಿಗಾಲದ ಮಧ್ಯಾಹ್ನ ಅದರ ನೆರಳು ಈಶಾನ್ಯದ ಕಡೆ ಚಾಚುತ್ತದೆ. ಟ್ಯಾಂಕ್ ಅಲ್ಲೇ ಇರಲಿ, ಪ್ಯಾನೆಲ್‌ಗಳನ್ನು ಆಗ್ನೇಯಕ್ಕೆ ಸರಿಸಿ. ಆ ನೆರಳನ್ನೂ ಅದೇ ಮಾಡೆಲ್‌ನಲ್ಲಿ ನೋಡಿಸಿಕೊಳ್ಳಿ.