ಕೂಪರ್ ಹೊರಟದ್ದು ಮಗಳಿಗಾಗಿಯೇ?

ಮೇಷ್ಟ್ರೇ, ಹತ್ತನೆಯ ತರಗತಿಗೆ ‘ಇಂಟರ್‌ಸ್ಟೆಲ್ಲರ್’ (2014) ಎಂಬ ಇಂಗ್ಲಿಷ್ ಚಿತ್ರ ತೋರಿಸಿದ ಮೇಲೆ, ಅದರ ನಾಯಕ, ಪೈಲಟ್ ಆಗಿದ್ದು ರೈತನಾದ ಕೂಪರ್, ಮನುಷ್ಯರಿಗೆ ಹೊಸ ನೆಲೆ ಹುಡುಕಲು ಬಾಹ್ಯಾಕಾಶಕ್ಕೆ ಹೋದದ್ದು ಮಗಳನ್ನು ಉಳಿಸಲೋ ಅಥವಾ ತನ್ನ ಹಾರುವ ಆಸೆಗೋ ಎಂದು ಒಬ್ಬ ಹುಡುಗಿ ಕೇಳಿದಳೆಂದೂ ತಮಗೆ ಉತ್ತರ ಹೊಳೆಯಲಿಲ್ಲವೆಂದೂ ಬರೆದಿದ್ದೀರಿ. ಗುಂಪಿನಲ್ಲಿ ಹೆಚ್ಚಿನವರು ‘ಮಗಳಿಗಾಗಿಯೇ’ ಎಂದು ತೀರ್ಪು ಕೊಟ್ಟಾಗಿದೆ. ಗೌರಿಬಿದನೂರಿನ ಕಡೆ ಮುಸುಕಿನ ಜೋಳ ಬೆಳೆಯುವ ನನಗೆ ಚಿತ್ರದ ಆರಂಭದಲ್ಲೇ ಅನುಮಾನ ಬಂದಿತ್ತು.

ಡ್ರೋನ್ ದೃಶ್ಯವನ್ನು ಇನ್ನೊಮ್ಮೆ ಹಾಕಿ. ಭಾರತೀಯ ವಾಯುಪಡೆಯ ಹಳೆಯ ಡ್ರೋನ್ ಒಂದು ತಲೆಯ ಮೇಲೆ ಹಾರಿಹೋಗುತ್ತದೆ. ಗಾಳಿಯಿಲ್ಲದ ಟೈರಿನಲ್ಲೇ ಕೂಪರ್ ಗಾಡಿಯನ್ನು ಹೊಲಕ್ಕೆ ನುಗ್ಗಿಸುತ್ತಾನೆ. ಆಳೆತ್ತರದ ಪೈರು ಲಟಲಟನೆ ಮುರಿದು ಬೀಳುತ್ತದೆ. ಬೇರೆ ಬೆಳೆಗಳೆಲ್ಲ ರೋಗಕ್ಕೆ ಬಲಿಯಾಗಿ ಮುಸುಕಿನ ಜೋಳವೊಂದೇ ಗತಿಯಾಗಿರುವ ಲೋಕ ಅದು! ಪಕ್ಕದವರ ಹಸು ಬದುವಿನಲ್ಲಿ ಬಾಯಿ ಹಾಕಿದರೇ ನಾವು ಜಗಳಕ್ಕೆ ನಿಲ್ಲುತ್ತೇವೆ. ಕೈಗೆ ಸಿಕ್ಕ ಡ್ರೋನನ್ನು ಅದರ ಪಾಡಿಗೆ ಬಿಡೋಣವೆಂದು ಮಗಳು ಮರ್ಫ್ ಕೇಳಿದರೂ ಅಪ್ಪ ಒಪ್ಪುವುದಿಲ್ಲ. ಕೊಯ್ಲು ಯಂತ್ರ ಓಡಿಸಲು ಅದನ್ನು ಬಳಸಬಹುದು ಎಂಬುದು ಅವನ ಕಾರಣ, ಅದೇನೂ ಸುಳ್ಳಲ್ಲ. ಆದರೆ ಬೆನ್ನಟ್ಟುವಾಗ ಅವನ ಮುಖದ ಮೇಲಿದ್ದ ಕಳೆ, ಬೆಳೆ ನೋಡುವಾಗ ಒಮ್ಮೆಯೂ ಬರುವುದಿಲ್ಲ.

(ಅಂದಹಾಗೆ ಆ ಜೋಳ ಗ್ರಾಫಿಕ್ಸ್ ಅಲ್ಲ. ಚಿತ್ರತಂಡ ಕೆನಡಾದ ಆಲ್ಬರ್ಟಾದಲ್ಲಿ ಸುಮಾರು 500 ಎಕರೆ ನಿಜವಾಗಿ ಬೆಳೆಸಿ, ಚಿತ್ರೀಕರಣ ಮುಗಿದ ಮೇಲೆ ಮಾರಿ ಲಾಭವನ್ನೂ ಕಂಡಿತು. ನಮಗೆಲ್ಲಿ ಆ ಯೋಗ!)

ಮುಂದಿನದು ಜಗಲಿಯ ಮೇಲಿನ ಮಾತುಕತೆ. ಕೆಲಸ ಸರಿಯಿದ್ದರೂ ಮಾಡುವ ಕಾರಣ ಸರಿಯಿಲ್ಲದಿದ್ದರೆ ನಂಬಬಾರದು ಎಂಬರ್ಥದಲ್ಲಿ ಮಾವ ಡೊನಾಲ್ಡ್ ಎಚ್ಚರಿಸುತ್ತಾರೆ. ಕಾರಣವೆಂಬ ನನ್ನ ತಳಪಾಯ ಗಟ್ಟಿಯಾಗಿದೆ ಎಂದು ಅಳಿಯ ಜಾರಿಕೊಳ್ಳುತ್ತಾನೆ. ಅಲ್ಲಿ ನನಗೇ ಚುಚ್ಚಿದಂತಾಯಿತು. ಕೊಳವೆಬಾವಿ ಬತ್ತಿದ ವರ್ಷ ಲಾರಿ ಓಡಿಸಲು ಹೊರಟಾಗ ‘ಮಕ್ಕಳ ಫೀಸಿಗೆ’ ಎಂದು ಮನೆಯಲ್ಲಿ ಹೇಳಿದ್ದೆ. ಫೀಸು ಕಟ್ಟಿದ್ದೂ ನಿಜ, ಹಿಂದೂಪುರ ದಾಟಿ ಹೆದ್ದಾರಿ ಸಿಕ್ಕಾಗ ಹಾಡಿಕೊಂಡದ್ದೂ ನಿಜ.

ಹಾಗೆಂದು ಹುಡುಗಿಗೆ ‘ಸ್ವಾರ್ಥಿ’ ಎಂದು ಹೇಳಿ ಮುಗಿಸಬೇಡಿ. ಕಪ್ಪುಕುಳಿಯ (ಬೆಳಕೂ ತಪ್ಪಿಸಿಕೊಳ್ಳಲಾಗದಷ್ಟು ಸೆಳೆತವಿರುವ ಆಕಾಶಕಾಯ) ಹತ್ತಿರ ಅವನು ಇಳಿಯುವ ನೀರಿನ ಗ್ರಹದ ಒಂದು ಗಂಟೆ ಭೂಮಿಯ 7 ವರ್ಷಕ್ಕೆ ಸಮ. ಅಲ್ಲಿಂದ ನೌಕೆಗೆ ಮರಳುವಷ್ಟರಲ್ಲಿ 23 ವರ್ಷ ಕಳೆದಿರುತ್ತದೆ, ಮಕ್ಕಳ ವಿಡಿಯೋ ನೋಡುತ್ತ ಅವನು ಬಿಕ್ಕುತ್ತಾನೆ. ಎಲ್ಲರೂ ಇದನ್ನೇ ಪುರಾವೆ ಎನ್ನುತ್ತಾರೆ. ಕಳೆದುಕೊಂಡವರು ಅಳುತ್ತಾರೆ, ಆ ಅಳುವಿನಿಂದ ಏಕೆ ಹೊರಟರೆಂಬುದು ತಿಳಿಯುವುದಿಲ್ಲ.

ನನ್ನ ಪುರಾವೆ ಪುಸ್ತಕದ ಕಪಾಟಿನ ಹಿಂದಿದೆ. ಕಪ್ಪುಕುಳಿಯೊಳಗೆ ಬಿದ್ದ ಕೂಪರ್‌ಗೆ ಹಿಂದಿನ ಕಾಲದ ಮಗಳ ಕೋಣೆ ಕಪಾಟಿನ ಹಿಂಬದಿಯಿಂದ ಕಾಣುತ್ತದೆ. ಹೊರಟು ನಿಂತ ತನ್ನನ್ನೇ ತಡೆಯಲು ಪುಸ್ತಕಗಳನ್ನು ಬೀಳಿಸಿ ‘ಇರು’ ಎಂಬ ಸಂಕೇತ ಕಳಿಸುತ್ತಾನೆ. ಅತ್ತ ಹೊರಟವನು ನಿಲ್ಲುವುದಿಲ್ಲ. ಇಷ್ಟಾದ ಮೇಲೂ, ಇರು ಎಂದು ಅಂಗಲಾಚಿದವನೇ ನೆಲದ ಧೂಳಿನಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಇರುವ ಜಾಗದ ಗುರುತು ಮೂಡಿಸಿ ತನ್ನನ್ನು ತಾನೇ ಕಳಿಸಿಕೊಡುತ್ತಾನೆ. ಮೊದಲ ಸಲ ಏನು ಹೋಗುತ್ತದೆಂದು ಗೊತ್ತಿರಲಿಲ್ಲ, ಈ ಸಲ ಪೈಸೆ ಪೈಸೆ ಲೆಕ್ಕ ಗೊತ್ತು. ಅವನು ಮಗಳಿಗಾಗಿ ಹೊರಟದ್ದು ಆಗ.

ಒಂದು ಪೀರಿಯಡ್ ಸಾಕು. ಡ್ರೋನ್ ಮತ್ತು ಕಪಾಟು, ಈ ಎರಡು ದೃಶ್ಯಗಳನ್ನು ಧ್ವನಿ ಪೂರ್ತಿ ತೆಗೆದು ತೋರಿಸಿ. ಅವನ ಕೈ ಏನು ಮಾಡುತ್ತಿದೆ ಎಂದಷ್ಟೇ ಮಕ್ಕಳು ಬರೆಯಲಿ. ಆಮೇಲೆ ಧ್ವನಿ ಕೊಟ್ಟು, ಬಾಯಿ ಹೇಳಿದ್ದನ್ನು ಅದರ ಪಕ್ಕದಲ್ಲಿ ಬರೆಸಿ. ಸಂಗೀತ ಜೊತೆಗಿದ್ದರೆ ನಾವು ದೊಡ್ಡವರೇ ಮೋಸಹೋಗುತ್ತೇವೆ.

ಒಂದು ತೊಡಕು ನನಗೂ ಬಿಡಿಸಲಾಗಿಲ್ಲ. ಕೊನೆಯಲ್ಲಿ ಮುದುಕಿಯಾದ ಮರ್ಫ್ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂರುತ್ತಾನೆ, ಅವಳು ಹೋಗು ಎಂದದ್ದೇ ತಡ ಮತ್ತೆ ಹಾರುತ್ತಾನೆ. ಅಷ್ಟು ವರ್ಷ ಹೊಲ ನೋಡಿಕೊಂಡ ಮಗ ಟಾಮ್ ಏನಾದನೆಂದು ಒಂದು ಮಾತೂ ಕೇಳುವುದಿಲ್ಲ. ಆ ಹುಡುಗಿಗೇನಾದರೂ ಹೊಳೆದರೆ ಇಲ್ಲಿ ಬರೆಯಿರಿ ಮೇಷ್ಟ್ರೇ.