ಅಪ್ಪನ ಹಳೆ ಯೆಜ್ಡಿ ತಗೊಂಡು ಜಾವಾ-ಯೆಜ್ಡಿ ಡೇಗೆ ಹೋಗಬಹುದಾ?

ನೀವು ಕಲಬುರಗಿಯವರು. ಮನೆಯಲ್ಲಿ ಅಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕ್ ಇದೆ. ಜಾವಾ, ಯೆಜ್ಡಿ ಬೈಕ್ ಇರುವವರು ವರ್ಷಕ್ಕೊಮ್ಮೆ ಗಾಡಿ ಸಮೇತ ಸೇರುವ ದಿನ ಜಾವಾ-ಯೆಜ್ಡಿ ಡೇ. ಹೈದರಾಬಾದಿನಲ್ಲಿ ನಡೆಯುವ ಅದಕ್ಕೆ ಮೊದಲ ಸಲ ಹೋಗೋ ಆಸೆ. ಆದರೆ ಅಲ್ಲಿ ಪರಿಚಯದವರಿಲ್ಲ, ಗಾಡಿಯ ಬಣ್ಣ ಹೋಗಿದೆ, ನಗುತ್ತಾರೇನೋ ಅಂತ ಅಂಜಿಕೆ. ಅಷ್ಟೇ ಅಲ್ವಾ?

ಯಾರೂ ನಗುವುದಿಲ್ಲ. ಈ ಗಾಡಿಗಳನ್ನು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಹಾಗಾಗಿ ಈ ಡೇಗೆ ಹಳೆ ಗಾಡಿ ತರುವ ಪ್ರತಿಯೊಬ್ಬರೂ ಒಂದಲ್ಲ ಒಂದು ಪಾರ್ಟ್‌ಗಾಗಿ ಗುಜರಿ ಅಂಗಡಿ ಸುತ್ತಿದವರೇ. ಹೊಸದಾಗಿ ಕ್ರೋಮ್ ಹೊಡೆಸಿದ ಗಾಡಿಯನ್ನು ಜನ ನೋಡಿ ಮುಂದೆ ಹೋಗುತ್ತಾರೆ. ಕಂಪನಿ ಬಣ್ಣದಲ್ಲೇ ಇರುವ ಗಾಡಿ ಕಂಡರೆ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತುಬಿಡುತ್ತಾರೆ. ದಯವಿಟ್ಟು ಇದಕ್ಕೋಸ್ಕರ ಪೇಂಟ್ ಮಾಡಿಸಬೇಡಿ. ‘ಎಷ್ಟನೇ ಇಸವಿ ಗಾಡಿ?’ ಅಂತ ಒಬ್ಬರು ಕೇಳಿದರೆ ಸಾಕು, ಪರಿಚಯ ಆಯಿತು. ಭಾಷೆಯ ಚಿಂತೆಯಂತೂ ಬೇಡ, ನಮ್ಮೂರಿನ ದಖನಿ ಉರ್ದು ಅಲ್ಲೂ ನಡೆಯುತ್ತದೆ.

ನನಗೆ ಚಿಂತೆ ಇರುವುದು ದಾರಿಯದು. ಈ ದಿನ ಬರುವುದು ಜುಲೈ ತಿಂಗಳ ಎರಡನೇ ಭಾನುವಾರ, ಮಳೆಗಾಲ. ಹುಮನಾಬಾದ್, ಜಹೀರಾಬಾದ್ ಮೇಲೆ ಹೋದರೆ ಸುಮಾರು 220 ಕಿಲೋಮೀಟರ್. ಹೊಲದಿಂದ ಬರುವ ಟ್ರ್ಯಾಕ್ಟರ್‌ಗಳು ಎರೆ ಮಣ್ಣನ್ನು ಡಾಂಬರಿನ ಮೇಲೆ ಬಿಟ್ಟು ಹೋಗುತ್ತವೆ. ಅದು ನೆನೆದರೆ ಟೈರು ಹಿಡಿಯುವುದೇ ಇಲ್ಲ. ನಿಮ್ಮದರಲ್ಲಿ ಇನ್ನೂ 6 ವೋಲ್ಟ್ ವೈರಿಂಗ್ ಇದ್ದರೆ ಹೆಡ್‌ಲೈಟ್ ಬೆಳಕು ಹೆದ್ದಾರಿಗೆ ಸಾಲದು. ಆದ್ದರಿಂದ ಶನಿವಾರ ಬೆಳಿಗ್ಗೆಯೇ ಹೊರಡಿ.

ಅದಕ್ಕೂ ಮೊದಲು ಒಮ್ಮೆ ಬೀದರ್‌ಗೆ ಹೋಗಿ ಬನ್ನಿ. ಕೋಟೆ ನೋಡಿದಂತೆಯೂ ಆಯಿತು, ಗಾಡಿ ಬಿಸಿಯಾದಾಗ ಹೇಗಿರುತ್ತದೆ ಅಂತಲೂ ಗೊತ್ತಾಗುತ್ತದೆ. ಟೂ ಸ್ಟ್ರೋಕ್ ಇಂಜಿನ್ ಇದು, ಪೆಟ್ರೋಲ್ ಜೊತೆ ಬೆರೆಸಿದ ಆಯಿಲ್ಲೇ ಅದರ ಜೀವ. ಆಯಿಲ್ ಕಮ್ಮಿ ಹಾಕಿ ಜೋರಾಗಿ ಎಳೆದರೆ ಪಿಸ್ಟನ್ ಸೀಜ್ ಆಗಿ (ಸಿಕ್ಕಿಕೊಂಡು) ಇಂಜಿನ್ ನಿಂತುಬಿಡುತ್ತದೆ. 50-60ರಲ್ಲಿ ಹೋಗಿ, ನಡುನಡುವೆ ಚಹಾಕ್ಕೆ ನಿಲ್ಲಿಸಿ. ಎರಡು ಪ್ಲಗ್, ಕ್ಲಚ್ ಕೇಬಲ್, ಪ್ಲಗ್‌ಗೆ ಕಿಡಿ ಕೊಡಿಸುವ ಪಾಯಿಂಟ್ ಸೆಟ್, ಕಂಡೆನ್ಸರ್ ಚೀಲದಲ್ಲಿರಲಿ. ದಾರಿಯ ಮೆಕ್ಯಾನಿಕ್ ಹತ್ತಿರ ಇವು ಸಿಗುವುದು ಕಷ್ಟ.

ಕಾಗದಪತ್ರ ಈಗಲೇ ನೋಡಿ. 15 ವರ್ಷ ದಾಟಿದ ಮೇಲೆ ಆರ್‌ಸಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಮನೆಯಲ್ಲಿ ನಿಂತ ಎಷ್ಟೋ ಹಳೆ ಗಾಡಿಗಳಿಗೆ ಅದೇ ಆಗಿರುವುದಿಲ್ಲ. ಇನ್ಶೂರೆನ್ಸ್, ಹೊಗೆ ತಪಾಸಣೆ ಸರ್ಟಿಫಿಕೇಟ್ ಕೂಡ ಇರಲಿ.

ಜುಲೈ ಹೊತ್ತಿಗೆ ಇದೆಲ್ಲ ಆಗಲಿಲ್ಲವಾ? ಬಸ್ಸಿಗೋ ರೈಲಿಗೋ ಹೋಗಿ. ಗಾಡಿ ಇಲ್ಲದೆ ಹೋಗುವುದು ಅವಮಾನ ಅಂತ ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಫೋನಿನಲ್ಲಿ ನಿಮ್ಮ ಗಾಡಿಯ ನಾಲ್ಕು ಫೋಟೋ ಇಟ್ಟುಕೊಂಡಿರಿ, ಇಂಜಿನ್ ನಂಬರಿನದೂ ಸೇರಿಸಿ. ಯಾವ ಪಾರ್ಟ್ ಎಲ್ಲಿ ಸಿಗುತ್ತದೆ ಅಂತ ಅವರೇ ಹೇಳುತ್ತಾರೆ.