ಕ್ಯೂ ಬಂತು, ಯು ಬರಲಿಲ್ಲ: ಸ್ಕ್ರ್ಯಾಬಲ್‌ನ ಚುಟುಕು ಪದಗಳು
ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಇಂಗ್ಲಿಷ್ ಅಕ್ಷರಗಳ ಬಿಲ್ಲೆ ಜೋಡಿಸಿ ಬೋರ್ಡಿನ ಮೇಲೆ ಪದ ಕಟ್ಟುವ ಸ್ಕ್ರ್ಯಾಬಲ್ ಆಡುವಾಗ ಕ್ಯೂ ಅಕ್ಷರದ ಬಿಲ್ಲೆ ಬಂದರೆ ಯು ಸಿಗುವವರೆಗೂ ಹಿಡಿದುಕೊಂಡೇ ಕೂರುತ್ತೇನೆ. ಎಷ್ಟೋ ಸಲ ಅಷ್ಟರಲ್ಲಿ ಆಟವೇ ಮುಗಿದಿರುತ್ತದೆ. ಯು ಇಲ್ಲದೆ ಕ್ಯೂ ಇಳಿಸಲು ದಾರಿಯಿದೆಯೇ? (ಓದುಗಿ, ಶಿವಮೊಗ್ಗ)

ಉತ್ತರ: ಇದೆ. ಯು ಬರಲೆಂದು ಕಾಯುವುದನ್ನು ಮೊದಲು ಬಿಡಿ. ಚೀಲದ 100 ಬಿಲ್ಲೆಗಳಲ್ಲಿ ಯು ಇರುವುದು ನಾಲ್ಕೇ, ಐ ಒಂಬತ್ತು. ಕ್ಯೂ ಕೈಗೆ ಬಂದೊಡನೆ ಹುಡುಕಬೇಕಾದದ್ದು ಐ. ಕ್ಯೂ, ಐ ಎರಡೇ ಅಕ್ಷರ ಸೇರಿದರೆ ಒಂದು ಪದ. ಓದುವುದು ‘ಚೀ’ ಎಂದು, ಅರ್ಥ ಚೀನೀಯರು ಹೇಳುವ ಪ್ರಾಣಶಕ್ತಿ. ಸ್ಕ್ರ್ಯಾಬಲ್ ಆಟಗಾರರಿಗೆ ಇದಕ್ಕಿಂತ ಉಪಕಾರಿ ಪದ ಇನ್ನೊಂದಿಲ್ಲ.

ಕ್ಯೂಗೆ 10 ಅಂಕ. ಬೋರ್ಡಿನಲ್ಲಿ ಅಡ್ಡಲಾಗಿ ಟ್ಯಾಕ್ಸಿ ಎಂಬ ಪದ ಇದೆ ಎನ್ನಿ. ಅದರ ಕೊನೆಯ ಅಕ್ಷರ ಐ. ಆ ಐ ಮೇಲಿನ ಮನೆ ಖಾಲಿಯಿದ್ದು, ಅದು ಅಕ್ಷರಕ್ಕೆ ಮೂರುಪಟ್ಟು ಅಂಕ ಕೊಡುವ ಮನೆಯಾಗಿದ್ದರೆ ಅಲ್ಲಿ ಕ್ಯೂ ಇಡಿ, ಅದರ ಬಲಕ್ಕೆ ನಿಮ್ಮ ಕೈಯ ಐ ಇಡಿ. ಅಡ್ಡಕ್ಕೂ ಉದ್ದಕ್ಕೂ ಅದೇ ಪದ: 31 ಮತ್ತು 31, ಒಟ್ಟು 62. ಎರಡು ಬಿಲ್ಲೆಗೆ ಇಷ್ಟು ಅಂಕ ಬೇರೆಲ್ಲೂ ಸುಲಭಕ್ಕೆ ಹುಟ್ಟುವುದಿಲ್ಲ. ಒಂದು ಎಚ್ಚರ: ಈ ಪದದ ಕೊನೆಗೆ ಎಸ್ ಸೇರಿಸಿದರೂ ನಡೆಯುತ್ತದೆ. ಎದುರಾಳಿ ಒಂದೇ ಎಸ್ ಇಟ್ಟು ನಿಮ್ಮ 10 ಅಂಕದ ಬಿಲ್ಲೆಯನ್ನು ತನ್ನ ಲೆಕ್ಕಕ್ಕೂ ಸೇರಿಸಿಕೊಳ್ಳಬಲ್ಲ.

ಐ ಇಲ್ಲದೆ ಎ, ಟಿ ಇದ್ದರೆ ಕ್ಯೂ-ಎ-ಟಿ. ಯೆಮನ್, ಇಥಿಯೋಪಿಯಾಗಳ ಜನ ಅಮಲಿಗಾಗಿ ಜಗಿಯುವ ಎಲೆ. ಅರಬ್ಬರ ಸಂತೆಗೆ ಎಸ್-ಯು-ಕ್ಯೂ. ಇಲ್ಲಿ ಯು ಉಂಟು, ಆದರೆ ಕ್ಯೂಗೆ ಮುಂಚೆ. ನಾಲ್ಕಕ್ಷರದಲ್ಲಿ ಖಾಜಿಯವರ ಕ್ಯೂ-ಎ-ಡಿ-ಐ. ನಮಗೆ ಪರಿಚಿತವಾದ ಫಕೀರ, ಬುರ್ಖಾಗಳನ್ನೂ ಕ್ಯೂ ಹಾಕಿ ಬರೆಯುವುದು ಸಲ್ಲುತ್ತದೆ. ಕವ್ವಾಲಿಗಂತೂ ಸರಿಯಾಗಿ ಏಳು ಅಕ್ಷರ: ಕ್ಯೂ, ಎ, ಡಬ್ಲ್ಯು, ಡಬ್ಲ್ಯು, ಎ, ಎಲ್, ಐ. ಚೀಲದಲ್ಲಿರುವ ಎರಡೂ ಡಬ್ಲ್ಯು ನಿಮಗೇ ಬರುವುದು ಅಪರೂಪ. ಬಂದರೆ ಕೈಯಲ್ಲಿರುವ ಏಳೂ ಬಿಲ್ಲೆ ಒಟ್ಟಿಗೆ ಇಳಿಸಿದ್ದಕ್ಕೆ 50 ಅಂಕ ಬೇರೆ.

ಯಾವುದೂ ಕೂಡಿಬರದಿದ್ದರೆ ಒಂದು ಸರದಿ ಬಿಟ್ಟು ಬಿಲ್ಲೆ ಬದಲಿಸಿಕೊಳ್ಳಿ. ಚೀಲದಲ್ಲಿ ಏಳಾದರೂ ಬಿಲ್ಲೆ ಉಳಿದಿದ್ದರೆ ಮಾತ್ರ ಬದಲಿಗೆ ಅವಕಾಶ. ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ: ಇನ್ನೊಂದು ಸುತ್ತು ನೋಡೋಣ ಎನ್ನುತ್ತಾ ಚೀಲ ಬರಿದಾಗಿರುತ್ತದೆ. ಎದುರಾಳಿ ಮೊದಲು ಕೈ ಖಾಲಿ ಮಾಡಿದರೆ ನಿಮ್ಮ 10 ಕಳೆದು ಅವರಿಗೆ 10 ಕೂಡುತ್ತದೆ, ಅಂದರೆ 20ರ ಅಂತರ.

ಪ್ರಶ್ನೆ: ಝಡ್, ಎಕ್ಸ್, ಜೆ, ವಿಗಳಿಗೂ ಇಂಥ ಎರಡಕ್ಷರದ ಪದಗಳಿವೆಯೇ? (ಓದುಗ, ಹಾಸನ)

ಉತ್ತರ: ಎಕ್ಸ್‌ಗೆ ಧಾರಾಳ. ಎ, ಇ, ಒ ಯಾವುದರ ನಂತರ ಇಟ್ಟರೂ ಪದವಾಗುತ್ತದೆ: ಕೊಡಲಿ, ಮಾಜಿ ಸಂಗಾತಿ, ಎತ್ತು. ಎಕ್ಸ್ ಮೊದಲಿಟ್ಟು ಐ ಸೇರಿಸಿದರೆ ಗ್ರೀಕ್ ಅಕ್ಷರ, ಯು ಸೇರಿಸಿದರೆ ವಿಯೆಟ್ನಾಮಿನಲ್ಲಿ ಹಿಂದೆ ಇದ್ದ ಚಿಲ್ಲರೆ ನಾಣ್ಯ, ಒಂದು ಡಾಂಗ್‌ನ ನೂರನೇ ಒಂದು ಪಾಲು. ಈ ನಾಣ್ಯಕ್ಕೆ ಎಸ್ ಹಚ್ಚುವಂತಿಲ್ಲ. ಗ್ರೀಕ್ ಅಕ್ಷರಕ್ಕೆ ಹಚ್ಚಬಹುದು.

ಝಡ್-ಎ ಎಂದರೆ ಆಡುಮಾತಿನಲ್ಲಿ ಪಿಜ್ಜಾ. ಝಡ್-ಒ ಎಂಬುದು ಲಡಾಖ್ ಕಡೆ ಯಾಕ್ ಮತ್ತು ದನದ ಬೆರಕೆಯಿಂದ ಹುಟ್ಟುವ ಪ್ರಾಣಿ. ಜೆ-ಒ ಸ್ಕಾಟ್ಲೆಂಡಿನವರ ‘ನಲ್ಲೆ’. ವಿಗೆ ಮಾತ್ರ ಎರಡಕ್ಷರದ ಪದ ಒಂದೂ ಇಲ್ಲ. ಬೋರ್ಡು ತುಂಬುತ್ತಾ ಬಂದ ಮೇಲೆ ವಿ ನುಸುಳುವ ಸಂದು ಸಿಗುವುದಿಲ್ಲ, ಬೇಗ ಕಳೆದುಬಿಡಿ. ಮುಂದಿದ್ದೀರಾದರೆ ಇದೇ ಗುಣ ನಿಮಗೆ ಅನುಕೂಲ: ವಿ ಪಕ್ಕದಲ್ಲಿ ಸಮಾನಾಂತರವಾಗಿ ಪದ ಕಟ್ಟಲು ಎದುರಾಳಿಗೆ ಆಗದು.

ಪ್ರಶ್ನೆ: ಅಮೆರಿಕದಿಂದ ಬಂದ ಮೊಮ್ಮಗ ನಾನಿಟ್ಟ ಝಡ್-ಒ ತಪ್ಪು ಎನ್ನುತ್ತಾನೆ, ನನ್ನ ಫೋನು ಸರಿ ಎನ್ನುತ್ತದೆ. ಯಾರನ್ನು ನಂಬಲಿ? (ಓದುಗಿ, ಮೈಸೂರು)

ಉತ್ತರ: ಇಬ್ಬರೂ ಸರಿ. ಅಮೆರಿಕ, ಕೆನಡಾಗಳಲ್ಲಿ ಒಂದು ಪದಪಟ್ಟಿ. ಭಾರತವೂ ಸೇರಿ ಉಳಿದ ಬಹುತೇಕ ಕಡೆ ಕಾಲಿನ್ಸ್ ನಿಘಂಟಿನವರ ಪಟ್ಟಿ. ಕಾಲಿನ್ಸ್ ದೊಡ್ಡದು. ಯಾಕ್ ಬೆರಕೆಯ ಪದ ಅಲ್ಲಿದೆ, ಅಮೆರಿಕದ ಪಟ್ಟಿಯಲ್ಲಿಲ್ಲ. ಸಿ-ಎಚ್ ಎಂಬ ಪದದ ಕಥೆಯೂ ಅದೇ. ಹಳೇ ಪುಸ್ತಕವೂ ಜಗಳ ತರುತ್ತದೆ: ಒ-ಕೆ ಕಾಲಿನ್ಸ್ ಪಟ್ಟಿಗೆ ಸೇರಿದ್ದೇ 2019ರಲ್ಲಿ. ಆಟ ಶುರುವಾಗುವ ಮೊದಲೇ ಯಾವ ಪಟ್ಟಿ ಎಂದು ಮಾತಾಡಿಕೊಳ್ಳಿ. ಫೋನಿನ ಆಟದಲ್ಲಾದರೆ ಸೆಟ್ಟಿಂಗ್ಸ್‌ನಲ್ಲಿ ನಿಘಂಟು ಯಾವುದಿದೆ ನೋಡಿ.

ಪ್ರಶ್ನೆ: ಅರ್ಥ ಗೊತ್ತಿಲ್ಲದ ಪದ ಇಡುವುದು ಮೋಸವಲ್ಲವೇ? (ಓದುಗ, ಧಾರವಾಡ)

ಉತ್ತರ: ನಿಯಮದ ಪ್ರಕಾರ ಅಲ್ಲ. ಪದ ಪಟ್ಟಿಯಲ್ಲಿದ್ದರೆ ಸಾಕು, ಅರ್ಥ ಕೇಳುವ ಹಕ್ಕು ಎದುರಾಳಿಗಿಲ್ಲ. ನ್ಯೂಜಿಲೆಂಡ್‌ನ ನೈಜೆಲ್ ರಿಚರ್ಡ್ಸ್ ಫ್ರೆಂಚ್ ಮಾತಾಡಲು ಬಾರದೆಯೇ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವಪಟ್ಟ ಗೆದ್ದರು, ಬರೀ ಪದಗಳನ್ನು ಬಾಯಿಪಾಠ ಮಾಡಿ. ನಮ್ಮನಿಮ್ಮಂಥವರಿಗೆ ಅರ್ಥ ಹಿಡಿದರೇ ಪದ ನೆನಪಿನಲ್ಲಿ ನಿಲ್ಲುವುದು. ಸಿ-ಡಬ್ಲ್ಯು-ಎಂ ಎಂಬುದನ್ನು ನೋಡಿ, ಸ್ವರವೇ ಇಲ್ಲ. ವೆಲ್ಷ್ ಭಾಷೆಯಲ್ಲಿ ಡಬ್ಲ್ಯು ‘ಉ’ಕಾರವಾಗುತ್ತದೆ, ಓದುವುದು ‘ಕೂಮ್’. ಬೆಟ್ಟದ ಮಡಿಲಲ್ಲಿ ಹಿಮನದಿ ಕೊರೆದ ಬೋಗುಣಿಯಂಥ ತಗ್ಗು. ಎವರೆಸ್ಟ್ ಹತ್ತುವವರು ದಾಟುವ ವೆಸ್ಟರ್ನ್ ಕೂಮ್ ಇದೇ. ಇಷ್ಟು ತಿಳಿದ ಮೇಲೆ ಕೈಯಲ್ಲಿ ಬರೀ ವ್ಯಂಜನ ಬಂದ ದಿನ ಅದು ತಾನಾಗಿ ನೆನಪಾಗುತ್ತದೆ.

ಪ್ರಶ್ನೆ: ನಮ್ಮ ಕಡೆಯ ಪದಗಳು ನಡೆಯುತ್ತವೆಯೇ? (ಓದುಗಿ, ಪುಣೆ)

ಉತ್ತರ: ಇಡ್ಲಿ, ದೋಸೆ, ರಾಗಿ ಮೂರೂ ನಡೆಯುತ್ತವೆ, ಇಂಗ್ಲಿಷಿನ ಪದಗಳಂತೆ ಎಸ್ ಹಾಕಿ ಬಹುವಚನ ಮಾಡಬಹುದು. ದೋಸೆಯ ಕೊನೆಯಲ್ಲಿ ಎ ಬರಬೇಕು. ತುಪ್ಪವನ್ನು ಜಿ-ಎಚ್-ಐ ಎಂದು ಮೂರಕ್ಷರದಲ್ಲೂ ಬರೆಯಬಹುದು, 7 ಅಂಕ. ಲಕ್ಷಕ್ಕೆ ಎಲ್-ಎ-ಕೆ-ಎಚ್, 11 ಅಂಕ. ಊರು, ಜನರ ಹೆಸರುಗಳು ಸಲ್ಲವು.